ವಾಯುಗುಣ ಬದಲಾವಣೆಯ ವಿಡಿಯೊ ಗೇಮ್‌ಗೆ ಪೋಷಕ ಪಾತ್ರಗಳು: ಇಂಟರ್ನ್‌ಶಿಪ್ಪಿನ ಒಂದು ಅನುಭವ

2024ರ ಇಂಟರ್ನ್‌ಶಿಪ್ ಅವಧಿಯಲ್ಲಿ ನನ್ನ ಮೇಲ್ವಿಚಾರಣೆಯಲ್ಲಿದ್ದ ಐವರು ಪ್ರಶಿಕ್ಷಣಾರ್ಥಿಗಳು ಪಾವಗಡ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಒಂಬತ್ತನೇ ತರಗತಿಗೆ ಸ್ಕ್ರ್ಯಾಚ್‌ನಲ್ಲಿ ಒಂದು ಆಟ ತಯಾರಿಸಿದರು. ವಿಷಯ ವಾಯುಗುಣ ಬದಲಾವಣೆ. ಪತ್ರಿಕೆಗಳು ಇದನ್ನು 'ಹವಾಮಾನ ಬದಲಾವಣೆ' ಎಂದೇ ಬರೆಯುತ್ತವೆ. ಆದರೆ ಇವತ್ತು ಮೋಡ ಕವಿದದ್ದು ಹವಾಮಾನ, ಮೂವತ್ತು ವರ್ಷಗಳ ಸರಾಸರಿ ನೋಡಿ ಹೇಳುವುದು ವಾಯುಗುಣ ಎಂದು ನಾವೇ ಪಾಠದಲ್ಲಿ ಕಲಿಸುತ್ತೇವೆ. ಆದ್ದರಿಂದ ಈ ಲೇಖನದಲ್ಲಿ ಎರಡನೆಯ ಪದವನ್ನೇ ಬಳಸಿದ್ದೇನೆ.

ಆಟ ಹೇಗೆ ತಯಾರಾಯಿತು ಎಂಬುದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಸ್ಕ್ರ್ಯಾಚ್ ಬಗ್ಗೆ ತಿಳಿಯಬೇಕೆಂದರೆ ಕಂಪ್ಯೂಟರ್ ಶಿಕ್ಷಣದ ಪ್ರಾಯೋಗಿಕ ತರಗತಿಯಲ್ಲಿ ಎರಡು ದಿನ ಕುಳಿತರೆ ಸಾಕು. ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬ್ 2007ರಲ್ಲಿ ಬಿಡುಗಡೆ ಮಾಡಿದ ಈ ತಂತ್ರಾಂಶ ಮಕ್ಕಳಿಗೆಂದೇ ಇದೆ, ಉಚಿತ, ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ನಾನು ಬರೆಯಹೊರಟಿರುವುದು ಆಟದ ಒಂದೇ ಅಂಗದ ಬಗ್ಗೆ, ಪೋಷಕ ಪಾತ್ರಗಳ ಬಗ್ಗೆ. ಅಂದರೆ ಮಗು ತಾನೇ ನಡೆಸುವ ಪಾತ್ರವನ್ನು ಬಿಟ್ಟು ಪರದೆಯ ಮೇಲೆ ಎದುರಾಗುವ ಉಳಿದವರು. ನಾವು ಮುಗ್ಗರಿಸಿದ್ದು ಅಲ್ಲಿಯೇ. ಆ ತಪ್ಪಿನ ಬೆಲೆ ತೆತ್ತದ್ದು ಮಾತ್ರ ನಾವಲ್ಲ, ಒಬ್ಬ ಹುಡುಗ.

ಮೊದಲ ಕರಡಿನಲ್ಲಿ ಆಟದ ನಾಯಕಿ ಗೌರಿ, ಒಂಬತ್ತನೇ ತರಗತಿಯ ಹುಡುಗಿ. ಅವಳು ಊರು ಸುತ್ತಿ 'ಭೂಮಿಯನ್ನು ಉಳಿಸಬೇಕು'. ಗಿಡ ನೆಟ್ಟರೆ 10 ಅಂಕ, ದೀಪ ಆರಿಸಿದರೆ 5 ಅಂಕ. ದಾರಿಯಲ್ಲಿ ನಾಲ್ವರು ಸಿಗುತ್ತಿದ್ದರು. ಬಿಳಿ ಗಡ್ಡದ 'ಪರಿಸರ ತಾತ', ಬಿಳಿ ಕೋಟಿನ 'ವಿಜ್ಞಾನಿ ಮೇಡಂ', ಜೊತೆಗೆ ಓಡಿ ಬರುವ ನಾಯಿ ಮತ್ತು ಖಳ. ಈ ಖಳ ಕಪ್ಪು ಕನ್ನಡಕ, ದಪ್ಪ ಮೀಸೆಯ ಬೋರ್‌ವೆಲ್‌ನವನು, ಹೆಸರು ಬೋರ್ ಸೀನ. ಭೂಮಿಯನ್ನು ಕೊರೆದು ನೀರೆಲ್ಲ ಹೀರುತ್ತೇನೆ ಎಂದು ಗಹಗಹಿಸಿ ನಗುತ್ತಿದ್ದ. ಪಾಠ ಯೋಜನೆಯ ಪುಸ್ತಕದಲ್ಲಿ ಈ ಪಾತ್ರಗಳ ಪಕ್ಕ ನಾನೇ ಕೆಂಪು ಶಾಯಿಯಲ್ಲಿ 'ಪಾತ್ರಗಳು ಪರಿಣಾಮಕಾರಿಯಾಗಿವೆ' ಎಂದು ಬರೆದು ಸಹಿ ಹಾಕಿದ್ದೆ. ಆ ಪುಟ ಈಗಲೂ ಕಾಲೇಜಿನಲ್ಲಿದೆ.

ತರಗತಿಯಲ್ಲಿ ಏನಾಯಿತೆಂದರೆ, ಹನ್ನೆರಡು ಕಂಪ್ಯೂಟರ್, ಒಂದೊಂದರ ಮುಂದೆ ಮೂವರು ಮಕ್ಕಳು. ಪರಿಸರ ತಾತ ಬಾಯಿ ತೆರೆದ ಕೂಡಲೇ ಸ್ಪೇಸ್ ಬಾರ್ ಬಡಿಯುವ ಸದ್ದು ಶುರುವಾಯಿತು. ಮಾತಿನ ಬಲೂನು ಮುಂದಕ್ಕೆ ಹೋಗಲು ಆ ಕೀಲಿ ಒತ್ತಬೇಕೆಂದು ನಾವೇ ಏರ್ಪಾಟು ಮಾಡಿದ್ದೆವು. ತಾತ ಕೈಗಾರಿಕಾ ಕ್ರಾಂತಿಯಿಂದ ಹಿಡಿದು ಹಸಿರುಮನೆ ಅನಿಲಗಳವರೆಗೆ ಒಂಬತ್ತು ಬಲೂನು ಮಾತನಾಡುತ್ತಿದ್ದ. ಒಂಬತ್ತನ್ನೂ ಮಕ್ಕಳು ಓದದೆ ದಾಟಿದರು. ವಿಜ್ಞಾನಿ ಮೇಡಂಗೂ ಅದೇ ಗತಿ. ನಾಯಿಯನ್ನು ಮಾತ್ರ ಎಲ್ಲರೂ ಇಷ್ಟಪಟ್ಟರು, ಏಕೆಂದರೆ ಅದು ಮಾತನಾಡುತ್ತಿರಲಿಲ್ಲ.

ಆಮೇಲೆ ಬೋರ್ ಸೀನ ಬಂದ. ಮೂರನೇ ಸಾಲಿನಿಂದ ಒಬ್ಬ ಹುಡುಗ ಜೋರಾಗಿ "ಲೇ, ನಿಮ್ಮಪ್ಪ ಕಣ್ಲಾ!" ಎಂದ. ಇಡೀ ತರಗತಿ ತಿರುಗಿ ಒಬ್ಬನನ್ನೇ ನೋಡಿತು. ಅವನ ತಂದೆ ಬೋರ್‌ವೆಲ್ ಗಾಡಿಯಲ್ಲಿ ಕೆಲಸ ಮಾಡುತ್ತಾರೆಂಬುದು ಎಲ್ಲ ಮಕ್ಕಳಿಗೂ ಗೊತ್ತಿತ್ತು, ನಮಗೆ ಗೊತ್ತಿರಲಿಲ್ಲ. ಆ ಹುಡುಗ ಮೊದಲು ತಾನೂ ನಕ್ಕ. ಆಮೇಲೆ ಮೌಸಿನಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡ. ಮರುದಿನ ಕೊನೆಯ ಬೆಂಚಿನಲ್ಲಿ ಕುಳಿತಿದ್ದ. ಮೂರನೇ ದಿನ ಶಾಲೆಗೆ ಬರಲಿಲ್ಲ.

ಆ ಸಂಜೆ ಬಸ್ಸಿನಲ್ಲಿ ನಾವು ಆರು ಜನರೂ ಹೆಚ್ಚು ಮಾತನಾಡಲಿಲ್ಲ. ಒಬ್ಬ ಪ್ರಶಿಕ್ಷಣಾರ್ಥಿ ಮಾತ್ರ, "ಮೇಡಂ, ಖಳ ಇಲ್ಲದಿದ್ದರೆ ಆಟದಲ್ಲಿ ಏನು ಮಜಾ?" ಎಂದು ಕೇಳಿದರು. ಕೇಳಬೇಕಾದ ಪ್ರಶ್ನೆಯೇ ಅದು. ಉತ್ತರ ಹುಡುಕಲು ನಮಗೆ ಎರಡು ವಾರ ಹಿಡಿಯಿತು.

ಮೊದಲು ವಿಷಯದ ಕಡೆಯಿಂದಲೇ ನೋಡಿದೆವು. ಬೋರ್ ಸೀನನನ್ನು ವಾಯುಗುಣ ಬದಲಾವಣೆಯ ಖಳನನ್ನಾಗಿ ಮಾಡಿದ್ದು ವಿಜ್ಞಾನದ ದೃಷ್ಟಿಯಿಂದಲೂ ತಪ್ಪು. ಅಂತರ್ಜಲ ಕೆಳಗಿಳಿಯಲು ಮುಖ್ಯ ಕಾರಣ ಇಂಗುವುದಕ್ಕಿಂತ ಹೆಚ್ಚು ನೀರನ್ನು ಮೇಲೆತ್ತುವುದು. ವಾತಾವರಣದಲ್ಲಿ ಇಂಗಾಲದ ಡೈಆಕ್ಸೈಡ್ ಕೈಗಾರಿಕಾ ಯುಗಕ್ಕೆ ಮೊದಲಿದ್ದ ದಶಲಕ್ಷಕ್ಕೆ 280 ಭಾಗಗಳಿಂದ ಇಂದು 420ಕ್ಕೂ ಮೇಲೆ ಹೋಗಿರುವುದು ಬೇರೆ ಕಥೆ. ಎರಡೂ ಒಂದನ್ನೊಂದು ತಟ್ಟುತ್ತವೆ ಎಂಬುದು ನಿಜ. ಮಳೆ ಬರುವ ರೀತಿ ಬದಲಾದರೆ ರೈತ ಬೋರಿನ ಮೇಲೆ ಇನ್ನಷ್ಟು ಒರಗುತ್ತಾನೆ. ಐದು ಎಚ್‌ಪಿ ಮೋಟಾರು ಒಂದು ಗಂಟೆ ಓಡಿದರೆ ಸುಮಾರು ನಾಲ್ಕು ಯೂನಿಟ್ ವಿದ್ಯುತ್ ಬೇಕು. ಅದು ಕಲ್ಲಿದ್ದಲಿನ ವಿದ್ಯುತ್ತಾದರೆ ಯೂನಿಟ್ಟಿಗೆ ಹೆಚ್ಚುಕಡಿಮೆ ಒಂದು ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಈ ಕೊಂಡಿಗಳನ್ನು ಕಾಣಿಸುವ ಬದಲು ನಾವು ಒಬ್ಬ ಮನುಷ್ಯನಿಗೆ ಮೀಸೆ ಅಂಟಿಸಿ ಕೈ ತೊಳೆದುಕೊಂಡಿದ್ದೆವು. ಪ್ಲಾಸ್ಟಿಕ್, ಮರ ಕಡಿಯುವುದು, ಓಝೋನ್, ಬೋರ್‌ವೆಲ್ ಎಲ್ಲವನ್ನೂ 'ಪರಿಸರ' ಎಂಬ ಒಂದೇ ಚೀಲಕ್ಕೆ ತುಂಬುವ ಚಾಳಿ ಮಕ್ಕಳಿಗಿಂತ ನಮಗೇ ಹೆಚ್ಚು ಎಂದು ನನಗೆ ಆಗ ಅನ್ನಿಸಿತು.

ಎರಡನೆಯದಾಗಿ ಪಾತ್ರಗಳ ಕಡೆಯಿಂದ ನೋಡಿದೆವು. ಪಾತ್ರಗಳ ಮೂಲಕ ಜನರಿಗೆ ಏನನ್ನಾದರೂ ಕಲಿಸುವ ಪ್ರಯತ್ನ ವಿಡಿಯೊ ಗೇಮ್‌ಗಿಂತ ಹಳೆಯದು. ಮೆಕ್ಸಿಕೋದ ಮಿಗೆಲ್ ಸಬಿಡೊ 1970ರ ದಶಕದಲ್ಲಿ ಟಿವಿ ಧಾರಾವಾಹಿಗಳನ್ನು ಇದಕ್ಕೆಂದೇ ರೂಪಿಸಿದರು. ನಾವು ಮನೋವಿಜ್ಞಾನದ ಪತ್ರಿಕೆಯಲ್ಲಿ ಓದುವ ಬಂಡೂರರ ಸಾಮಾಜಿಕ ಕಲಿಕಾ ಸಿದ್ಧಾಂತವೇ ಅವರಿಗೂ ಆಧಾರ. ಒಳ್ಳೆಯದನ್ನು ಮಾಡುವ ಪಾತ್ರ, ಕೆಟ್ಟದ್ದನ್ನು ಮಾಡುವ ಪಾತ್ರ, ಇವೆರಡರ ನಡುವೆ ತೂಗಾಡಿ ನಿಧಾನವಾಗಿ ಬದಲಾಗುವ ಪಾತ್ರ ಎಂಬ ಮೂರು ಬಗೆ ಅವರದ್ದು. ನೋಡುವವರು ತಮ್ಮನ್ನು ಗುರುತಿಸಿಕೊಳ್ಳಬೇಕಾದದ್ದು ಮೂರನೆಯದರಲ್ಲಿ. ಇದೇ ಮಾದರಿಯಿಂದ ಪ್ರೇರಣೆ ಪಡೆದು 1984ರಲ್ಲಿ ದೂರದರ್ಶನದಲ್ಲಿ 'ಹಮ್ ಲೋಗ್' ಪ್ರಸಾರವಾಯಿತು. ಹಿರಿಯ ಓದುಗರಿಗೆ ಕಂತಿನ ಕೊನೆಗೆ ಬಂದು ಮಾತನಾಡುತ್ತಿದ್ದ ಅಶೋಕ್ ಕುಮಾರ್ ನೆನಪಿರಬಹುದು. ಅದರಲ್ಲಿ ಭಾಗವಂತಿ ಎಂಬ ತಾಯಿಯ ಪಾತ್ರವಿತ್ತು. ಎಲ್ಲವನ್ನೂ ಸಹಿಸಿಕೊಂಡು ಬಾಳುವ ಹೆಂಗಸು ಹೀಗೆ ಆಗಬಾರದು ಎಂದು ತೋರಿಸಲು ಬರೆದ ಪಾತ್ರ. ಆದರೆ ನೋಡಿದವರಲ್ಲಿ ಅನೇಕರು ಅವಳನ್ನೇ ಆದರ್ಶ ಎಂದು ಭಾವಿಸಿದರೆಂದು ಆಮೇಲೆ ಅಧ್ಯಯನ ಮಾಡಿದವರಿಗೆ ಕಂಡುಬಂತು. ಬರೆದವರು 'ಕೆಟ್ಟ ಮಾದರಿ' ಎಂದುಕೊಂಡದ್ದು ನೋಡುವವರ ಮನೆಯಲ್ಲಿ 'ನಮ್ಮಮ್ಮ' ಆಗಿತ್ತು. ನಮ್ಮ ತರಗತಿಯಲ್ಲೂ ನಡೆದದ್ದು ಅದೇ. ನಮಗೆ ಖಳನಾದವನು ಒಬ್ಬ ಹುಡುಗನಿಗೆ ಅಪ್ಪ.

ಹಾಗಾದರೆ ಖಳನನ್ನು ಬಿಡುವುದೇ? ನನ್ನ ಅಭಿಪ್ರಾಯದಲ್ಲಿ ಈ ವಿಷಯಕ್ಕೆ ಖಳ ಬೇಕಿಲ್ಲ, ಆದರೆ ಘರ್ಷಣೆ ಬೇಕು. ವಾಯುಗುಣ ಬದಲಾವಣೆಯಲ್ಲಿ ಕಷ್ಟವೆಂದರೆ, ತಪ್ಪು ಮಾಡುತ್ತಿದ್ದೇನೆಂದು ಗೊತ್ತಿದ್ದು ನಗುವವನು ಯಾವ ಊರಿನಲ್ಲೂ ಸಿಗುವುದಿಲ್ಲ. ಪ್ರತಿಯೊಬ್ಬರೂ ಆ ದಿನದ ಯಾವುದೋ ಕೆಲಸದಲ್ಲಿರುತ್ತಾರೆ. ಒಬ್ಬರ ಕೆಲಸ ಇನ್ನೊಬ್ಬರದಕ್ಕೆ ಅಡ್ಡ ಬರುತ್ತದೆ. ಆಟಕ್ಕೆ ಅಷ್ಟು ಸಾಕು.

ಆಗ ನಾವು ಆಟದ ಕಥೆಯನ್ನೇ ಬದಲಾಯಿಸಿದೆವು. ಪಾವಗಡದ ಮಕ್ಕಳಿಗೆ ವಾಯುಗುಣದ ಪಾಠ ಹೇಳಲು ಹಿಮಕರಡಿಯವರೆಗೆ ಹೋಗುವ ಅಗತ್ಯವಿಲ್ಲ. ತಿರುಮಣಿ, ವಳ್ಳೂರು, ಬಾಲಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಈ ಐದು ಊರುಗಳ ಸುಮಾರು 13,000 ಎಕರೆ ಜಮೀನಿನಲ್ಲಿ 2050 ಮೆಗಾವಾಟ್ ಸಾಮರ್ಥ್ಯದ ಸೋಲಾರ್ ಪಾರ್ಕ್ ಅವರ ಕಣ್ಣೆದುರಿಗೇ ಇದೆ. ಜಮೀನನ್ನು ರೈತರಿಂದ ಕೊಂಡಿಲ್ಲ, ಗುತ್ತಿಗೆಗೆ ಪಡೆದಿದ್ದಾರೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭವಾದ ಬಾಡಿಗೆ. ಕಲ್ಲಿದ್ದಲು ಸುಡದೆ ವಿದ್ಯುತ್ ಬರುತ್ತದೆ, ಮಳೆ ನಂಬಿ ಕಡಲೆಕಾಯಿ ಬಿತ್ತಿ ಸೋತ ರೈತನಿಗೆ ಖಾತ್ರಿ ಆದಾಯ ಬರುತ್ತದೆ. ಇನ್ನೊಂದು ಕಡೆ, ಆ ಜಮೀನಿನಲ್ಲಿ ಕಳೆ ಕೀಳುತ್ತಿದ್ದ ಭೂಮಿ ಇಲ್ಲದ ಕೂಲಿಯವರಿಗೆ ಬಾಡಿಗೆ ಇಲ್ಲ, ಕುರಿ ಮೇಯಿಸುವವರಿಗೆ ಬಯಲಿಲ್ಲ. ಹೊಸ ಕಥೆಯಲ್ಲಿ ಇಂಥದೇ ಒಂದು ಕಲ್ಪಿತ ಊರು. ಉಳಿದ ಜಮೀನನ್ನೂ ಸೋಲಾರ್‌ಗೆ ಕೊಡಬೇಕೇ ಎಂದು ಗ್ರಾಮಸಭೆ ಸೇರಲಿದೆ. ಗೌರಿಗೆ ಮೂರು ದಿನ ಸಮಯ. ಅವಳು ಊರವರನ್ನು ಮಾತನಾಡಿಸಿ, ಸಭೆಯಲ್ಲಿ ಮಕ್ಕಳ ಪರವಾಗಿ ಒಂದು ಅಭಿಪ್ರಾಯ ಹೇಳಬೇಕು. ಅಂಕಗಳಿಲ್ಲ.

ಇದೇ ಬಗೆಯ ಆಟಗಳು ಹೊರಗೆ ಇಲ್ಲದಿಲ್ಲ. 2020ರಲ್ಲಿ ಬಂದ 'ಆಲ್ಬಾ' ಎಂಬ ಆಟದ ವಿಡಿಯೊವನ್ನು ನಾವು ಕಾಲೇಜಿನಲ್ಲಿ ನೋಡಿದೆವು. ಅಜ್ಜ ಅಜ್ಜಿಯ ಮನೆಗೆ ರಜೆಗೆ ಬಂದ ಪುಟ್ಟ ಹುಡುಗಿ ದ್ವೀಪದ ಜನರಿಂದ ಸಹಿ ಸಂಗ್ರಹಿಸಿ ಒಂದು ಹೋಟೆಲ್ ಕಟ್ಟುವುದನ್ನು ತಡೆಯಲು ಹೊರಡುತ್ತಾಳೆ. ಊರವರೆಲ್ಲ ಸಾಮಾನ್ಯ ಜನ, ಒಬ್ಬೊಬ್ಬರದೂ ಎರಡು ಮೂರು ಮಾತು. ಅಷ್ಟರಲ್ಲೇ ಊರು ಕಣ್ಣಿಗೆ ಕಟ್ಟುತ್ತದೆ. ನಮ್ಮ ತಾತನ ಒಂಬತ್ತು ಬಲೂನು ಪಕ್ಕಕ್ಕಿಟ್ಟು ನೋಡಿದರೆ ನಾಚಿಕೆಯಾಗುತ್ತದೆ.

ಪ್ರತಿ ಪಾತ್ರಕ್ಕೂ ಒಂದು ಚೀಟಿ ಬರೆಯಬೇಕೆಂದು ನಿಯಮ ಮಾಡಿಕೊಂಡೆವು. ಅಂಗೈಯಗಲದ ಚೀಟಿ, ಹಿಂದೆ ಮುಂದೆ ಬರೆಯುವಂತಿಲ್ಲ. ಈ ಪಾತ್ರಕ್ಕೆ ಇವತ್ತು ಏನು ಬೇಕು? ಉತ್ತರದಲ್ಲಿ 'ಪರಿಸರ' ಎಂಬ ಪದ ಬರಬಾರದು. ಗೌರಿಗೆ ಗೊತ್ತಿಲ್ಲದ ಏನು ಇವರಿಗೆ ಗೊತ್ತು? ಯಾವುದರ ಬಗ್ಗೆ ಇವರ ತಿಳಿವಳಿಕೆ ತಪ್ಪು? ಗೌರಿ ಇವರ ಮನೆಗೆ ಬರಲೇ ಇಲ್ಲವೆಂದರೆ ಇವರು ಸಂಜೆ ಏನು ಮಾಡುತ್ತಿರುತ್ತಾರೆ? ಕೊನೆಯ ಪ್ರಶ್ನೆಗೆ ಉತ್ತರ ಬರೆಯಲಾಗದ ಪಾತ್ರವನ್ನು ತೆಗೆದುಹಾಕುವುದು. ಪರಿಸರ ತಾತ ಹೋದದ್ದು ಅಲ್ಲಿಯೇ. ಗೌರಿ ಬರದಿದ್ದರೆ ಅವನು ಅದೇ ಮರದಡಿ ಅದೇ ಭಂಗಿಯಲ್ಲಿ ಕಾಯುತ್ತಾ ನಿಂತಿರುತ್ತಾನೆ, ಅಷ್ಟೇ. ಅವನು ಮನುಷ್ಯನಲ್ಲ, ನಿಂತುಕೊಂಡಿರುವ ಪಾಠ.

ವೈಗೋಟ್‌ಸ್ಕಿ ಹೇಳುವ 'ಹೆಚ್ಚು ತಿಳಿದ ಇನ್ನೊಬ್ಬರು' ಎಂಬ ಮಾತನ್ನು ನಾವು ತುಂಬ ಕಿರಿದಾಗಿ ಅರ್ಥ ಮಾಡಿಕೊಂಡಿದ್ದೇವೆ ಎಂಬುದು ಈ ಚೀಟಿಗಳಿಂದ ನನಗೆ ಹೊಳೆಯಿತು. ಎಲ್ಲವನ್ನೂ ತಿಳಿದ ಒಬ್ಬರನ್ನು ನಿಲ್ಲಿಸಿದರೆ ಮಗುವಿಗೆ ಮಾಡಲು ಏನೂ ಉಳಿಯುವುದಿಲ್ಲ. ಒಂದೊಂದು ವಿಷಯದಲ್ಲಿ ಮಾತ್ರ ಹೆಚ್ಚು ತಿಳಿದ ನಾಲ್ವರನ್ನು ನಿಲ್ಲಿಸಿದರೆ ಅವರ ಮಾತುಗಳನ್ನು ಜೋಡಿಸುವ ಕೆಲಸ ಮಗುವಿನದಾಗುತ್ತದೆ.

ಮೊದಲು ಹನುಮಕ್ಕ. ಎಪ್ಪತ್ತು ದಾಟಿದ ಹೆಂಗಸು. ತಾತನ ಜಾಗಕ್ಕೆ ಬಂದವಳು, ಆದರೆ ಉಪದೇಶ ಮಾಡುವುದಿಲ್ಲ. ಅವಳಿಗೆ ಆ ದಿನ ಬೇಕಾದದ್ದು ಮಗನಿಗೆ ಫೋನ್ ಹಚ್ಚಿ ಕೊಡುವವರು. ಗೌರಿ ಹಚ್ಚಿಕೊಟ್ಟರೆ ಮಾತು ಶುರು. ಅವಳ ಲೆಕ್ಕ ಜೂನ್, ಜುಲೈನಲ್ಲಿಲ್ಲ, ರೋಹಿಣಿ, ಮೃಗಶಿರ, ಆರಿದ್ರ, ಪುನರ್ವಸು ಎಂದು ಮಳೆ ನಕ್ಷತ್ರಗಳಲ್ಲಿ. "ಆಗೆಲ್ಲ ಮಳೆ ಹೇಳಿದಂಗೆ ಬರ್ತಿತ್ತು" ಎನ್ನುತ್ತಾಳೆ. ಇಲ್ಲಿ ನಾವು ಒಂದು ಜಾಗ್ರತೆ ವಹಿಸಿದೆವು. ಹಿರಿಯರ ನೆನಪು ಅಮೂಲ್ಯ, ಆದರೆ ಅದೇ ಪುರಾವೆಯಲ್ಲ. ಒಳ್ಳೆಯ ವರ್ಷಗಳು ನೆನಪಿನಲ್ಲಿ ಉಳಿಯುತ್ತವೆ, ಬರಗಾಲದಲ್ಲಿ ತೀರಾ ಕೆಟ್ಟದ್ದಷ್ಟೇ ಉಳಿಯುತ್ತದೆ. ಆದ್ದರಿಂದ ಅವಳ ಮಾತನ್ನು ಗೌರಿ ಪಂಚಾಯಿತಿ ಕಚೇರಿಯ ಮಳೆ ಲೆಕ್ಕದೊಂದಿಗೆ ಹೋಲಿಸಬೇಕು. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆ ಮಾಪಕಗಳನ್ನು ಇಟ್ಟಿದೆ. ನಮ್ಮ ಬಿ.ಇಡಿ. ವಿದ್ಯಾರ್ಥಿಗಳಲ್ಲಿ ಒಬ್ಬರಿಗೂ ಅದು ತಿಳಿದಿರಲಿಲ್ಲ, ಹೋಗಿ ನೋಡಿ ಬಂದರು. ಮಕ್ಕಳಿಗೂ ಹತ್ತಿರದ ನೆನಪುಗಳಿದ್ದವು. 2022ರಲ್ಲಿ ನಮ್ಮ ಜಿಲ್ಲೆಯ ಎಷ್ಟೋ ಕೆರೆಗಳು ಕೋಡಿ ಬಿದ್ದವು. ಮರುವರ್ಷವೇ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸರ್ಕಾರ ಘೋಷಿಸಿತು. ಹೀಗೆ ಒಂದು ವರ್ಷ ಮುಳುಗಿ ಮರುವರ್ಷ ಒಣಗಿದ್ದನ್ನು ನೋಡಿ 'ವಾಯುಗುಣ ಬದಲಾಯಿತು' ಎನ್ನಬಹುದೇ ಎಂಬ ಪ್ರಶ್ನೆಯನ್ನು ಹನುಮಕ್ಕನೇ ಗೌರಿಗೆ ಕೇಳುತ್ತಾಳೆ. ಎರಡು ವರ್ಷದಿಂದ ಹೇಳಲಾಗದು ಎಂಬುದು ಉತ್ತರ. ಹಲವು ದಶಕಗಳ ಲೆಕ್ಕ ಬೇಕು.

ಹನುಮಕ್ಕನನ್ನು ಏನೆಂದು ಕರೆಯಬೇಕು ಎಂಬುದೇ ಒಂದು ಪ್ರಸಂಗವಾಯಿತು. ನಾವು 'ಅಜ್ಜಿ' ಎಂದು ಬರೆದಿದ್ದೆವು. ಅಲ್ಲಿ ಎಷ್ಟೋ ಮನೆಗಳಲ್ಲಿ ತೆಲುಗು ಮಾತು, ಮಕ್ಕಳು "ನಾವು ಅವ್ವ ಅಂತೀವಿ" ಎಂದರು. ಧಾರವಾಡ ಕಡೆಯ ಪ್ರಶಿಕ್ಷಣಾರ್ಥಿಗೆ ಅವ್ವ ಎಂದರೆ ತಾಯಿ. ಇಷ್ಟು ವಯಸ್ಸಾದವಳು ಗೌರಿಯ ತಾಯಿ ಹೇಗಾಗುತ್ತಾಳೆ ಎಂದು ಅವರು ವಾದಿಸಿದರು. ಕೊನೆಗೆ ಮಕ್ಕಳ ಮಾತೇ ನಿಂತಿತು. ಪಾತ್ರಗಳ ಮಾತನ್ನೆಲ್ಲ ಗ್ರಾಂಥಿಕದಿಂದ ಆಡುಮಾತಿಗೆ ತಂದದ್ದೂ ಆಗಲೇ. ಮೊದಲ ಕರಡಿನಲ್ಲಿ ಎಲ್ಲರೂ 'ಮಾಲಿನ್ಯವನ್ನು ತಡೆಗಟ್ಟೋಣ' ಎಂದು ಗೋಡೆ ಬರಹದ ಭಾಷೆ ಆಡುತ್ತಿದ್ದರು. ಇಲ್ಲಿ ಒಂದು ತಾಂತ್ರಿಕ ಮಾತನ್ನೂ ಹೇಳಿಬಿಡುತ್ತೇನೆ. ಸ್ಕ್ರ್ಯಾಚ್‌ನ ಮಾತಿನ ಬಲೂನಿನಲ್ಲಿ ಕನ್ನಡದ ಉದ್ದ ಪದಗಳು ಸಾಲು ಮುರಿದು ಓದಲು ಕಷ್ಟವಾಗುತ್ತವೆ. ಒಂದು ಬಲೂನಿಗೆ ಏಳೆಂಟು ಪದ ಮಿತಿ. ಎರಡು ಸೆಕೆಂಡಿಗೆ ತಾನೇ ಮಾಯವಾಗುವ ಬ್ಲಾಕನ್ನು ಬಳಸಲೇಬಾರದು, ನಿಧಾನವಾಗಿ ಓದುವ ಮಗು ಅಲ್ಲಿಯೇ ಹಿಂದೆ ಬೀಳುತ್ತದೆ.

ಓಬಳಮ್ಮನ ಪಾತ್ರ ಎಲ್ಲಕ್ಕಿಂತ ಕಷ್ಟವಾಯಿತು. ಅವಳಿಗೆ ಭೂಮಿ ಇಲ್ಲ. ಅವಳಿಗೆ ಇವತ್ತು ಬೇಕಾದದ್ದು ನಾಳೆಯ ಕೂಲಿ. ಅವಳಿಗೆ ಗೊತ್ತಿರುವುದು, ಸೋಲಾರ್ ಬಂದ ಊರಿನಲ್ಲಿ ಅಕ್ಕನ ಕೂಲಿ ಏನಾಯಿತು ಎಂಬುದು. "ನೆಲ ಇದ್ದೋರಿಗೆ ಬಾಡಿಗೆ ಬತ್ತದೆ. ನನ್ನ ಕೈಗೆ ಯಾರು ಬಾಡಿಗೆ ಕೊಡ್ತಾರೆ?" ಎನ್ನುತ್ತಾಳೆ. ಈ ಮಾತನ್ನು ಓದಿ ಇಬ್ಬರು ಪ್ರಶಿಕ್ಷಣಾರ್ಥಿಗಳು ಆಕ್ಷೇಪಿಸಿದರು. ಹೀಗೆ ಹೇಳಿಸಿದರೆ ಸೌರಶಕ್ತಿ ಕೆಟ್ಟದ್ದು ಎಂದು ಮಕ್ಕಳು ತಿಳಿಯುತ್ತಾರೆ, ಕಲಿಕಾ ಫಲಕ್ಕೇ ವಿರುದ್ಧ ಎಂದರು. ಅವರ ಆತಂಕ ಸುಳ್ಳಲ್ಲ. ಅವಳಿಗೆ ಗೌರಿ ಸಮಾಧಾನದ ಉತ್ತರ ಕೊಟ್ಟು, ಅವಳು ತಲೆಯಾಡಿಸಿ ಒಪ್ಪುವಂತೆ ಒಂದು ರೂಪ ಬರೆದು ನೋಡಿದೆವು. ಓದಿದಾಗ ಎಲ್ಲರಿಗೂ ಕಸಿವಿಸಿಯಾಯಿತು. ಕೂಲಿ ಕಳೆದುಕೊಂಡವಳು ಒಂಬತ್ತನೇ ತರಗತಿಯ ಹುಡುಗಿ ಹೇಳಿದ್ದಕ್ಕೆ ಒಪ್ಪುವುದು ಸುಳ್ಳು. ಕೊನೆಗೆ ಅವಳ ಮಾತನ್ನು ಹಾಗೆಯೇ ಬಿಟ್ಟು, ಗ್ರಾಮಸಭೆಯಲ್ಲಿ ಗೌರಿಗೆ 'ಬೇಕು', 'ಬೇಡ' ಎರಡೇ ಆಯ್ಕೆಯ ಬದಲು 'ಷರತ್ತಿನ ಮೇಲೆ ಬೇಕು' ಎಂಬ ಮೂರನೆಯದನ್ನು ಕೊಟ್ಟೆವು. ಷರತ್ತನ್ನು ಮಕ್ಕಳೇ ಟೈಪ್ ಮಾಡಬೇಕು. ಓಬಳಮ್ಮನನ್ನು ಮಾತನಾಡಿಸದೆ ಸಭೆಗೆ ಹೋದವರಿಗೆ ಆ ಆಯ್ಕೆ ಕಾಣಿಸುವುದೇ ಇಲ್ಲ. ಒಂದು ವೇರಿಯಬಲ್‌ನಿಂದ ಆಗುವ ಕೆಲಸ ಅದು. ಪೋಷಕ ಪಾತ್ರ ಆಟದಲ್ಲಿ ಏಕೆ ಇದೆ ಎಂಬುದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಉತ್ತರವೂ ಅದೇ. ಆ ಪಾತ್ರವನ್ನು ಭೇಟಿಯಾಗದಿದ್ದರೆ ಮಗುವಿನ ಮುಂದಿನ ದಾರಿ ಒಂದು ಕಡಿಮೆಯಾಗಬೇಕು.

ಬಾಡಿಗೆಗೆ ಜಮೀನು ಕೊಡಲು ತುದಿಗಾಲಲ್ಲಿ ನಿಂತ ಪಾತಲಿಂಗಪ್ಪ ಎಂಬ ರೈತನ ಪಾತ್ರ ಸುಲಭವಾಗಿ ಬಂತು, ಅದರ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ.

ಗೌರಿಯ ಗೆಳೆಯ ಮಂಜನ ಬಗ್ಗೆ ಮಾತ್ರ ವಿಜ್ಞಾನ ಬೋಧಕರು ಗಮನ ಕೊಡಬೇಕು. ಅವನ ತಲೆಯಲ್ಲಿ ತಪ್ಪು ಕಲ್ಪನೆ ಇದೆ. ಓಝೋನ್ ಪದರದಲ್ಲಿ ತೂತು ಬಿದ್ದು ಬಿಸಿಲು ಹೆಚ್ಚು ಒಳಗೆ ಬಂದು ಭೂಮಿ ಕಾಯುತ್ತಿದೆ ಎಂದು ಅವನು ನಂಬಿದ್ದಾನೆ. ನಮ್ಮ ಪೂರ್ವ ಪರೀಕ್ಷೆಯಲ್ಲಿ ಮಕ್ಕಳು ಬರೆದದ್ದೂ ಬಹುಪಾಲು ಇದನ್ನೇ. ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ರೂಪಿಸಿದ 'ಬೆಟ್ಟೀಸ್ ಬ್ರೇನ್' ಎಂಬ ತಂತ್ರಾಂಶದಲ್ಲಿ ಬೆಟ್ಟಿ ಎಂಬ ಪಾತ್ರಕ್ಕೆ ವಿದ್ಯಾರ್ಥಿಯೇ ಕಾರಣ ಮತ್ತು ಪರಿಣಾಮದ ನಕ್ಷೆ ಬರೆದು ಪಾಠ ಹೇಳಬೇಕು, ಆಮೇಲೆ ಬೆಟ್ಟಿ ಆ ನಕ್ಷೆಯ ಆಧಾರದ ಮೇಲೆಯೇ ಪರೀಕ್ಷೆ ಬರೆಯುತ್ತಾಳೆ. ತಪ್ಪು ಕಲಿಸಿದರೆ ತಪ್ಪು ಬರೆಯುತ್ತಾಳೆ. ಮಂಜ ಅವಳ ಬಡ ತಮ್ಮ. ಗೌರಿ ನಾಲ್ಕು ಕಾರ್ಡುಗಳನ್ನು ಸರಿಯಾದ ಕ್ರಮದಲ್ಲಿ ಇಟ್ಟು ಅವನಿಗೆ ತಿಳಿಸಬೇಕು. ಬಿಸಿಲು ನೆಲ ಮುಟ್ಟುತ್ತದೆ, ನೆಲ ಕಾದು ಶಾಖವನ್ನು ಅವಕೆಂಪು ಕಿರಣವಾಗಿ ಹೊರಬಿಡುತ್ತದೆ, ಇಂಗಾಲದ ಡೈಆಕ್ಸೈಡ್‌ನಂಥ ಅನಿಲಗಳು ಅದನ್ನು ಹೀರುತ್ತವೆ, ಒಂದಷ್ಟು ಶಾಖ ಮತ್ತೆ ಕೆಳಗೆ ಬರುತ್ತದೆ. ಓಝೋನ್ ತಡೆಯುವುದು ನೇರಳಾತೀತ ಕಿರಣವನ್ನು, ಅದರ ಕಾರ್ಡು ಐದನೆಯದಾಗಿ ಪಕ್ಕದಲ್ಲಿ ಆಸೆ ತೋರಿಸುತ್ತಾ ಕುಳಿತಿರುತ್ತದೆ. ಗೌರಿ ತಪ್ಪಾಗಿ ಜೋಡಿಸಿದರೆ ಆಟ 'ತಪ್ಪು' ಎಂದು ಕೂಗುವುದಿಲ್ಲ. ಮಂಜ ಹೋಗಿ ಅದನ್ನೇ ಪಾತಲಿಂಗಪ್ಪನಿಗೆ ಹೇಳುತ್ತಾನೆ, ಮರುದಿನ ಪಾತಲಿಂಗಪ್ಪ ಗೌರಿಗೇ ಅದನ್ನು ಹೇಳುತ್ತಾನೆ. ತಾನು ಹೇಳಿದ ತಪ್ಪು ಊರು ಸುತ್ತಿ ತನ್ನ ಕಿವಿಗೇ ಬಂದಾಗ ಮಕ್ಕಳು ನಕ್ಕು, ಓಡಿ ಹೋಗಿ ಮಂಜನನ್ನು ಹುಡುಕುತ್ತಿದ್ದರು. ಐದರಲ್ಲಿ ಅತಿ ಹೆಚ್ಚು ಸಲ ಭೇಟಿಯಾದ ಪಾತ್ರ ಅವನೇ.

ಇನ್ನು ಬೋರ್‌ವೆಲ್‌ನವರು. ಖಳ ಇಲ್ಲದಿದ್ದರೆ ಮಜಾ ಏನು ಎಂದು ಕೇಳಿದ್ದ ಪ್ರಶಿಕ್ಷಣಾರ್ಥಿಯೇ ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು ಆ ಹುಡುಗನ ತಂದೆಯನ್ನು ಭೇಟಿಯಾಗಲು ಹೋದರು. ನಾನೂ ಹೋದೆ. ಮನೆ ಮುಂದಿನ ಕಲ್ಲುಚಪ್ಪಡಿಯ ಮೇಲೆ ಕೂರಿಸಿ ಕಾಫಿ ಕೊಟ್ಟರು. ಆಟದ ವಿಷಯ ಅವರಿಗೆ ಗೊತ್ತಿತ್ತೋ ಇಲ್ಲವೋ, ಅವರು ಕೇಳಲಿಲ್ಲ, ನಾನು ಕ್ಷಮೆ ಕೇಳಿದೆ. "ಮಕ್ಕಳು ಆಡ್ಕೊಳ್ತಾವೆ ಬಿಡಿ ಮೇಡಮ್ಮೋರೆ" ಎಂದರು. ಆಮೇಲೆ ಕೆಲಸದ ಮಾತು ಬಂತು. ರಾತ್ರಿಯೆಲ್ಲ ಕೊರೆದು ಬೆಳಗಿನ ಜಾವ ಬರೀ ಕಲ್ಲುಪುಡಿ ಬಂದಾಗ ರೈತ ಕುಟುಂಬದವರ ಮುಖ ನೋಡುವುದು ಕಷ್ಟ ಎಂದರು. ನೀರು ಬೀಳದಿದ್ದರೆ ತಮ್ಮ ದುಡ್ಡೂ ತಿಂಗಳುಗಟ್ಟಲೆ ನಿಲ್ಲುತ್ತದೆ. ಯಾವ ಹೊಲದಲ್ಲಿ ಯಾವ ವರ್ಷ ಎಷ್ಟು ಅಡಿಗೆ ನೀರು ಸಿಕ್ಕಿತು ಎಂಬುದು ಅವರಿಗೆ ಬಾಯಿಪಾಠ. ಹೀಗೆ ಕೇಳಿಸಿಕೊಳ್ಳುತ್ತಾ ಕುಳಿತಾಗ ನನಗೆ ಅನ್ನಿಸಿದ್ದು, ಈ ತಾಲ್ಲೂಕಿನ ಅಂತರ್ಜಲದ ಇತಿಹಾಸ ಬಲ್ಲ ಮನುಷ್ಯನಿಗೆ ನಾವು ಕಪ್ಪು ಕನ್ನಡಕ ಹಾಕಿ ಗಹಗಹಿಸಿ ನಗಿಸಿದ್ದೆವು.

ಹೊಸ ಆಟದಲ್ಲಿ ಆ ಪಾತ್ರದ ಹೆಸರು ರಂಗಣ್ಣ. ಜೇಬಿನಲ್ಲಿ ಸಣ್ಣ ಪುಸ್ತಕ, ಅದರಲ್ಲಿ ಕೊರೆದ ಬೋರುಗಳ ಆಳ. ಗೌರಿ ಅದನ್ನು ಗ್ರಾಫ್ ಮಾಡಬೇಕು. ಅಂಕಿಗಳನ್ನು ನಾವು ಹೊಸೆಯಲಿಲ್ಲ, ಮಕ್ಕಳು ತಂತಮ್ಮ ಮನೆ, ನೆಂಟರ ಹೊಲಗಳ ಬೋರಿನ ಆಳವನ್ನು ಕೇಳಿ ತಂದು ತುಂಬಿದರು. ಆಳಕ್ಕೆ ಹೋದಂತೆ ಫ್ಲೋರೈಡ್ ಮಾತೂ ಬಂತು, ಪಾವಗಡದಲ್ಲಿ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ರಂಗಣ್ಣನ ಚೀಟಿಯಲ್ಲಿ 'ಯಾವುದರ ಬಗ್ಗೆ ತಪ್ಪು' ಎಂಬ ಜಾಗದಲ್ಲಿ 'ಇನ್ನೂ ನೂರಡಿ ಹೋದರೆ ನೀರು ಇದ್ದೇ ಇರುತ್ತೆ ಎಂದು ನಂಬಿದ್ದಾನೆ' ಎಂದಿದೆ. ಅವನನ್ನು ಒಳ್ಳೆಯವನನ್ನಾಗಿ ತೊಳೆದು ನಿಲ್ಲಿಸಿಲ್ಲ. ಗ್ರಾಮಸಭೆಯಲ್ಲಿ ಅವನು ಸೋಲಾರ್ ಬೇಡ ಎನ್ನುತ್ತಾನೆ, ಹೊಲ ಇಲ್ಲದಿದ್ದರೆ ಬೋರು ಕೊರೆಸುವವರಿಲ್ಲ ಎಂಬ ಸ್ವಂತ ಕಾರಣಕ್ಕೆ. ಆ ಕಾರಣವನ್ನು ಅವನು ಹೇಳುವುದಿಲ್ಲ, ಬೇರೇನೋ ಹೇಳುತ್ತಾನೆ. ಅದನ್ನು ಹಿಡಿದ ಮಕ್ಕಳು ಕೆಲವರೇ.

ಆ ಹುಡುಗ ಮರುವಾರದಿಂದಲೇ ಶಾಲೆಗೆ ಬರತೊಡಗಿದ್ದ. ಹೊಸ ಆಟವನ್ನು ತರಗತಿಗೆ ತಂದ ದಿನ ಸುಮಾರು ಹೊತ್ತು ಸುಮ್ಮನೆ ನೋಡಿ, "ಸಾರ್, ಗಾಡಿ ಒಂದೇ ಇರಲ್ಲ. ಹಿಂದೆ ಕಂಪ್ರೆಸರ್ ಗಾಡಿ ಬೇರೆ ಬರುತ್ತೆ" ಎಂದ. ಪ್ರಶಿಕ್ಷಣಾರ್ಥಿ ಕುರ್ಚಿ ಬಿಟ್ಟುಕೊಟ್ಟರು. ಅವನು ಎರಡನೇ ಲಾರಿಯ ಚಿತ್ರ ಬರೆದ, ಬಣ್ಣ ಬದಲಾಯಿಸಿದ, ಪೈಪುಗಳನ್ನು ಸರಿಯಾದ ಬದಿಗೆ ಜೋಡಿಸಿದ. ಪೀರಿಯಡ್ ಮುಗಿದ ಗಂಟೆ ಹೊಡೆದರೂ ಏಳಲಿಲ್ಲ.

ಎಲ್ಲ ಸರಿಹೋಯಿತು ಎಂದು ಬರೆಯಲಾರೆ. ಇಂಟರ್ನ್‌ಶಿಪ್ ಮುಗಿಸಿ ಹೊರಡುವ ದಿನ ಮೈದಾನದಲ್ಲಿ ಹುಡುಗರು ಆಡುತ್ತಿದ್ದರು. ಚೆಂಡು ಕೊಡೆಂದು ಯಾರೋ ಅವನನ್ನು "ಬೋರ್ ಸೀನಾ" ಎಂದು ಕೂಗಿದರು. ಅವನು ತಿರುಗಿ ಚೆಂಡು ಎಸೆದ. ಆಟದಿಂದ ನಾವು ಅಳಿಸಿದ ಹೆಸರು ಅವನಿಗೆ ಅಂಟಿಕೊಂಡಿತ್ತು.

ಈ ವರ್ಷದ ತಂಡ ಬೇರೆ ಶಾಲೆಗೆ ಬೇರೆ ಆಟ ಮಾಡುತ್ತಿದೆ, ವಿಷಯ ಇಟ್ಟಿಗೆ ಗೂಡು. ಪಾತ್ರಗಳಿಗೆ ಹೆಸರಿಡುವ ಮೊದಲು ಆ ಶಾಲೆಯ ಹಾಜರಿ ಪುಸ್ತಕ ನೋಡಿಕೊಂಡೆವು. ಯಾವ ಮಗುವಿನ ಮನೆಯವರು ಏನು ಕೆಲಸ ಮಾಡುತ್ತಾರೆ ಎಂಬುದನ್ನು ತರಗತಿ ಶಿಕ್ಷಕರ ಜೊತೆ ಕುಳಿತು ಬರೆದುಕೊಂಡೆವು. ಮೂವರ ಮನೆಯವರು ಗೂಡಿನಲ್ಲಿ ದುಡಿಯುತ್ತಾರೆ. ಚೀಟಿಗಳನ್ನು ಇನ್ನೂ ಬರೆದಿಲ್ಲ.